ಒಡೆಯರ ಸನ್ನಿಧಾನಕ್ಕೆ ಒಂದು ಮೆಣಸಿನಕಾಳು

ಶ್ರೀಮದ್ ನೆಲದೊಡೆಯರ ಸನ್ನಿಧಾನಕ್ಕೆ, ಮೂರನೆಯ ಮಹಡಿಯ ಒಕ್ಕಲು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ತಮ್ಮ ಮನೆಯೂ ಕ್ಷೇಮ. ಅದರ ಆಯಸ್ಸಿನಲ್ಲಿ ಮಾತ್ರ ಇನ್ನೊಂದು ವರ್ಷ ಸವೆದಿದೆ.

‘ತಮ್ಮ ಮನೆ’ ಎನ್ನುವುದು ನನಗೆ ಈಚೆಗೆ ರೂಢಿಯಾದ ಮಾತು. 2014ರಲ್ಲಿ ಲಂಡನ್ನಿನ ಹ್ಯಾರೋದಲ್ಲಿ ಈ ಫ್ಲ್ಯಾಟ್ ಕೊಂಡಾಗ ‘ನನ್ನ ಮನೆ’ ಎಂದು ಆಫೀಸಿಗೆಲ್ಲ ಪೇಡೆ ಹಂಚಿದ್ದೆ. ಕಾಗದದಲ್ಲಿ ಲೀಸ್‌ಹೋಲ್ಡ್ ಅಂತಿದೆಯಲ್ಲ ಎಂದು ಕೇಳಿದ್ದಕ್ಕೆ ಏಜೆಂಟ್ ನಕ್ಕಿದ್ದ. 1981ರಲ್ಲಿ ಬರೆದ 125 ವರ್ಷದ ಲೀಸ್, ಇನ್ನೂ 92 ಬಾಕಿ ಇದೆ, ಅಷ್ಟು ದಿನ ಬದುಕುವ ಯೋಚನೆಯೇನಾದರೂ ಇದೆಯೇ ಎಂದ. ನಾನೂ ನಕ್ಕೆ. ನಗಬಾರದಿತ್ತು.

ಸೋರುವ ನಲ್ಲಿ ನನ್ನದು, ಬ್ಯಾಂಕಿನ ಸಾಲ ನನ್ನದು, ಸೂರಿನ ರಿಪೇರಿಯಲ್ಲಿ ಪಾಲೂ ನನ್ನದು. ಒಳಗಿನ ಗೋಡೆ ಕೆಡವಬೇಕಾದರೆ ಮಾತ್ರ ತಮ್ಮ ಅಪ್ಪಣೆ ಬೇಕು, ಅಪ್ಪಣೆಗೆ ಬೇರೆ ಶುಲ್ಕ. ಬಾಲ್ಕನಿಯಲ್ಲಿ ನಾನು ಪಂಚೆ ಒಣಹಾಕಬಾರದೆಂದು 1981ರಲ್ಲೇ ಬರೆದಿಟ್ಟಿದ್ದೀರಿ, ಆ ದೂರದೃಷ್ಟಿಗೆ ಶರಣು. ವರ್ಷಕ್ಕೊಮ್ಮೆ ನೆಲಬಾಡಿಗೆಯ ಚೀಟಿ ಬರುತ್ತದೆ. ನೆಲ ನನ್ನಿಂದ ಮೂರು ಅಂತಸ್ತು ಕೆಳಗಿದೆ. ಆದರೂ ತಪ್ಪದೆ ಕಟ್ಟಿದ್ದೇನೆ.

ನಮ್ಮ ಮನೆತನಕ್ಕೆ ಇದೇನೂ ಹೊಸದಲ್ಲ. ಸಿದ್ದಾಪುರದ ಕಡೆ ನನ್ನ ಅಜ್ಜ ಗೇಣಿದಾರ. ಸುಗ್ಗಿ ಮುಗಿದೊಡನೆ ಒಡೆಯರ ಅಂಗಳಕ್ಕೆ ಭತ್ತ ಹೊತ್ತು ಹಾಕಿ ಬರುತ್ತಿದ್ದ. 1974ರ ಮಾರ್ಚ್ 1ರಂದು ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು, ಅಜ್ಜ ಡಿಕ್ಲರೇಷನ್ ಹಾಕಿದ, ಉಳುತ್ತಿದ್ದ ಗದ್ದೆ ಅವನದಾಯಿತು. ಅವನ ಮೊಮ್ಮಗ ಎಂಜಿನಿಯರಿಂಗ್ ಓದಿ, ಸಮುದ್ರ ದಾಟಿ ಬಂದು, ನಲವತ್ತು ವರ್ಷದ ನಂತರ ಮತ್ತೆ ಗೇಣಿಗೆ ನಿಂತ.

ಅಮ್ಮನಿಗೆ ಫೋನಿನಲ್ಲಿ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಸಾಕಾಯಿತು. ‘ತಮಾ, ದುಡ್ಡು ಕೊಟ್ಟು ತಗಂಡ ಮನೆಗೆ ಗೇಣಿ ಎಂತಕ್ಕೆ?’ ನೆಲ ಅವರದು ಎಂದೆ. ‘ಗಡುವು ಮುಗಿದ ಮೇಲೆ?’ ಮನೆಯೂ ಅವರದು. ‘ಹಂಗಾರೆ ನೀ ತಗಂಡಿದ್ದು ಎಂತ?’ ಕ್ಯಾಲೆಂಡರ್ ಎನ್ನಲು ಬಾಯಿ ಬರಲಿಲ್ಲ.

ಈಗ ಮದುವೆಯ ವಿಷಯಕ್ಕೆ ಬರೋಣ. ಲೀಸ್‌ನಲ್ಲಿ 80 ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ ವಿಸ್ತರಣೆ ಬರೀ ವ್ಯವಹಾರ. ಅದಕ್ಕಿಂತ ಕೆಳಗಿಳಿದರೆ ಮ್ಯಾರೇಜ್ ವ್ಯಾಲ್ಯೂ ಎಂಬುದು ಸೇರಿಕೊಳ್ಳುತ್ತದೆ. ತಮ್ಮ ಹಕ್ಕು, ನನ್ನ ಹಕ್ಕು ಬೇರೆ ಬೇರೆ ಇದ್ದರೆ ಒಂದು ಬೆಲೆ. ಲೀಸ್ ಬೆಳೆಸಿ ಎರಡನ್ನೂ ಕೂಡಿಸಿದರೆ ಹೆಚ್ಚಿನ ಬೆಲೆ. ಹತ್ತು ಸಾವಿರ ಪೌಂಡ್ ಹೆಚ್ಚಿತೋ, ಐದು ಸಾವಿರ ತಮಗೆ. ಗಂಡಿನ ಕಡೆಯ ಪುರೋಹಿತರ ದಕ್ಷಿಣೆ, ಅಂದರೆ ತಮ್ಮ ವಕೀಲರು ಮತ್ತು ಮೌಲ್ಯಮಾಪಕರ ಫೀಸು, ಅದೂ ನನ್ನ ಮೇಲೆಯೇ. ನಮ್ಮ ದೇಶದಲ್ಲಿ ವರದಕ್ಷಿಣೆಯನ್ನು 1961ರಲ್ಲೇ ನಿಷೇಧಿಸಿದ್ದಾರೆ. ತೆಗೆದುಕೊಳ್ಳುವವರು ಕದ್ದು ತೆಗೆದುಕೊಳ್ಳುತ್ತಾರೆ. ಇಲ್ಲಿ ಅದು 1993ರ ಕಾಯ್ದೆಯ ಷೆಡ್ಯೂಲಿನಲ್ಲಿ ಅಚ್ಚಾಗಿದೆ.

ನಾನು ಮೊದಲೇ ಎಚ್ಚೆತ್ತುಕೊಳ್ಳಬಹುದಿತ್ತು. ಆದರೆ 2024ರ ಮೇ 24ರಂದು ಹೊಸ ಕಾಯ್ದೆಗೆ ರಾಜರ ಅಂಕಿತ ಬಿತ್ತು: ಮದುವೆಯ ಬಾಬತ್ತು ರದ್ದು, 90 ವರ್ಷದ ವಿಸ್ತರಣೆಯ ಬದಲು 990. ಆತುರಪಡಬೇಡ ಎಂದು ಗೆಳೆಯರು ಹೇಳಿದರು. ಕಾದೆ. ಎರಡು ವರ್ಷ ಮಾಲೀಕರಾಗಿದ್ದವರು ಮಾತ್ರ ಅರ್ಜಿ ಹಾಕಬಹುದೆಂಬ ಹಳೆಯ ನಿಯಮ 2025ರ ಜನವರಿ 31ಕ್ಕೆ ಹೋಯಿತು. ಹತ್ತು ವರ್ಷದಿಂದ ಇಲ್ಲೇ ಕೂತವನಿಗೆ ಅದರಿಂದಾದ ಉಪಕಾರವನ್ನು ತಾವೇ ಲೆಕ್ಕ ಹಾಕಿಕೊಳ್ಳಿ. ಒಡೆಯರ ಬಳಗ ಕಾಯ್ದೆಯ ವಿರುದ್ಧ ಹೈಕೋರ್ಟಿಗೆ ಹೋಗಿ 2025ರ ಅಕ್ಟೋಬರಿನಲ್ಲಿ ಸೋತಿತು. ಇನ್ನೇನು ಎಂದು ಮತ್ತೆ ಕಾದೆ. ಕಲಮು ಜಾರಿಗೆ ಬರಲಿಲ್ಲ, ಮಾರ್ಚ್ ಬಂತು, ನನ್ನ ಲೀಸ್ 79ಕ್ಕೆ ಇಳಿಯಿತು. ಮದುವೆ ರದ್ದಾಗಲೆಂದು ಕಾಯುತ್ತ ಕೂತವನಿಗೆ ಮುಹೂರ್ತ ಕೂಡಿಬಂತು.

ತಮ್ಮ ಮೌಲ್ಯಮಾಪಕರೂ ಬಂದು ಹೋದರು. ಇಷ್ಟು ವರ್ಷ ಉಳಿದ ಮನೆಗೆ ಇಷ್ಟು ಬೆಲೆ ಎಂದು ಹೇಳುವ ಗ್ರಾಫುಗಳು ಹಲವಿವೆಯಂತೆ, ಅವರದೊಂದು, ನಮ್ಮವರದೊಂದು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದೂ ಅಳೆಯುವ ಕೊಳಗ ಎಷ್ಟು ಸೇರಿನದು ಎಂಬ ಜಗಳದಿಂದಲೇ. ಕೊಳಗ ಒಡೆಯರ ಮನೆಯದಾದರೆ ಎಷ್ಟು ಭತ್ತ ಹೊತ್ತರೂ ತುಂಬುವುದಿಲ್ಲ ಎಂದು ಅಜ್ಜ ಹೇಳುತ್ತಿದ್ದ. ಅವರ ಗ್ರಾಫ್ ನೋಡಿದಾಗ ನನಗೆ ಅವನೇ ನೆನಪಾದ.

ಕಾನೂನು ಗೀನೂನು ಯಾಕೆ, ಮಾತಿನಲ್ಲೇ ಮುಗಿಸೋಣ ಎಂಬ ತಮ್ಮ ಪ್ರೀತಿಯ ಪತ್ರವೂ ತಲುಪಿದೆ. ಲೀಸನ್ನು ಮತ್ತೆ 125ಕ್ಕೆ ಏರಿಸಿ, ಹಳೆಯ 79 ವರ್ಷಕ್ಕೆ ನೆಲಬಾಡಿಗೆ ಹಾಗೆಯೇ ನಡೆಸಿಕೊಂಡು ಹೋಗುವ ಉದಾರತೆ ಅದರಲ್ಲಿತ್ತು. ಕಾಯ್ದೆಯ ದಾರಿ ಹಿಡಿದರೆ ಬಾಕಿಯ ಮೇಲೆ 90 ವರ್ಷ ಸೇರುತ್ತದೆ, ನೆಲಬಾಡಿಗೆ ಹೊಸ ಲೀಸ್ ಆದ ದಿನದಿಂದಲೇ ಒಂದು ಮೆಣಸಿನಕಾಳಿಗೆ ಇಳಿಯುತ್ತದೆ. ಈ ಭಾಗ ಪತ್ರದಲ್ಲಿ ಬಿಟ್ಟುಹೋಗಿತ್ತು, ಟೈಪಿಸ್ಟರ ತಪ್ಪಿರಬೇಕು.

ಮೆಣಸಿನಕಾಳು ನನ್ನ ಕುಹಕವಲ್ಲ, ಪೆಪ್ಪರ್‌ಕಾರ್ನ್ ಎಂದು ಇಲ್ಲಿಯ ಕಾನೂನೇ ಹೇಳುತ್ತದೆ. ಪ್ರತಿಫಲವಿಲ್ಲದ ಕರಾರು ನಿಲ್ಲುವುದಿಲ್ಲ, ಅದಕ್ಕೆ ಹೆಸರಿಗೊಂದು ಕಾಳು. ಬರ್ಮುಡಾದಲ್ಲಿ ಫ್ರೀಮೇಸನ್ನರು ಹಳೆಯ ಸ್ಟೇಟ್ ಹೌಸಿನ ಬಾಡಿಗೆಯೆಂದು ವರ್ಷಕ್ಕೊಂದು ಕಾಳನ್ನು ಬೆಳ್ಳಿ ತಟ್ಟೆಯಲ್ಲಿ, ಮಖಮಲ್ಲಿನ ದಿಂಬಿನ ಮೇಲಿಟ್ಟು ಒಪ್ಪಿಸುತ್ತಾರೆ. 1974ರ ಗದ್ದೆಯ ಒಂದು ಅಂಚನ್ನು ನಮ್ಮಪ್ಪ ತೋಟ ಮಾಡಿದ. ಅಲ್ಲಿಯ ಅಡಿಕೆ ಮರಗಳಿಗೆ ಹಬ್ಬಿರುವ ಬಳ್ಳಿ ಅದೇ. ಘಟ್ಟದ ಕೆಳಗೆ ಗೇರುಸೊಪ್ಪೆಯಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದೂ ಅದಕ್ಕೇ. ಅದನ್ನು ಹುಡುಕಿಕೊಂಡು ಹಡಗು ಹತ್ತಿ ಬಂದವರೇ, ಏನೂ ಬೆಲೆಯಿಲ್ಲ ಎನ್ನಬೇಕಾದಾಗಲೂ ಅದರ ಹೆಸರನ್ನೇ ಹಿಡಿದರಲ್ಲ ಎಂದು ಸ್ವಲ್ಪ ಬೇಸರವಾಯಿತು.

ತಮಗೂ ಬೇಸರವಾದೀತು. 1993ರಲ್ಲಿ ಈ ಹಕ್ಕು ಒಕ್ಕಲುಗಳ ಕೈಗೆ ಬಂದಾಗ ಮೇಫೇರ್, ಬೆಲ್‌ಗ್ರೇವಿಯಾಗಳ ಒಡೆಯರಾದ ವೆಸ್ಟ್‌ಮಿನ್‌ಸ್ಟರ್ ಡ್ಯೂಕ್ ಕನ್ಸರ್ವೇಟಿವ್ ಪಕ್ಷವನ್ನೇ ಬಿಟ್ಟು ಹೊರನಡೆದಿದ್ದರು. ತಾವು ಅಷ್ಟೆಲ್ಲ ಮಾಡಬೇಕಾಗಿಲ್ಲ. 42ನೇ ಸೆಕ್ಷನ್ನಿನ ನೋಟಿಸು ತಮ್ಮ ಕಂಪನಿಗೆ ಈ ವಾರ ತಲುಪುತ್ತದೆ. ಮರುನೋಟಿಸು ಕೊಡಲು ಎರಡು ತಿಂಗಳ ಮೇಲೆ ಕಾಲಾವಕಾಶವಿದೆ. ಕೊಡಲು ಮರೆತರೆ ನಾನು ಹೇಳಿದ ಬೆಲೆಯೇ ಗಟ್ಟಿ. ದಯವಿಟ್ಟು ಮರೆಯುವ ಕೃಪೆ ಮಾಡಬೇಕು.

79ಕ್ಕೆ 90 ಸೇರಿದರೆ 169 ಕಾಳು. ಅಮ್ಮ ಊರಿನಿಂದ ಅರ್ಧ ಕೆಜಿ ಕಳಿಸಿದ್ದಾಳೆ. ಹೊಸ ಲೀಸ್‌ನ ಕರಡಿನಲ್ಲಿ ‘ಕೇಳಿದರೆ ಮಾತ್ರ’ ಎಂದಿರುವುದರಿಂದ ವರ್ಷಕ್ಕೊಮ್ಮೆ ತಾವೇ ಮೇಲೆ ಬಂದು ಕೇಳಬೇಕಾಗುತ್ತದೆ. ಲಿಫ್ಟ್ ಕೆಟ್ಟು ಐದು ತಿಂಗಳಾಯಿತು.

ಇಂತಿ ತಮ್ಮ ಒಕ್ಕಲು