ಕೊನೇ ಭಾಗಕ್ಕೆ ನೀರಿಲ್ಲ

ಏಪ್ರಿಲ್ ತಿಂಗಳ ಮಂಡ್ಯದಲ್ಲಿ ಸ್ವೆಟರ್ ಹಾಕಿಕೊಂಡು ಹಾಲು ತರಲು ಹೋದ ಗಂಡಸು ನಾನೊಬ್ಬನೇ ಇರಬೇಕು. ಬೀದಿನಾಯಿ ಬೊಗಳುವುದನ್ನು ಮರೆತು ನೋಡಿತು. ಜೊತೆಗೆ ಕೂತಲ್ಲೇ ತೂಕಡಿಕೆ. ಅಂಗಿಯ ಗುಂಡಿಗೂ ಕಾಜಕ್ಕೂ ಮಾತು ನಿಂತು ಎರಡು ತಿಂಗಳಾಗಿತ್ತು. ತಪ್ಪು ಮುದ್ದೆಯದು ಅಂತ ನಾನು, ತಿನ್ನೋ ಬಾಯಿಯದು ಅಂತ ಹೆಂಡತಿ. ಕೊನೆಗೆ ರಕ್ತ ಕೊಟ್ಟು ಬಂದೆ.

ರಿಪೋರ್ಟಿನಲ್ಲಿ ಟಿ.ಎಸ್.ಎಚ್. 14. ಇರಬೇಕಾದ್ದು ಸುಮಾರು 0.4ರಿಂದ 4. ಜನ್ಮದಲ್ಲಿ ಜಸ್ಟ್ ಪಾಸಿನ ಮೇಲೆ ಏರದವನಿಗೆ ಮೂರೂವರೆ ಪಟ್ಟು ಅಂಕ! ಮಳವಳ್ಳಿಯ ಮಾವನಿಗೆ ಫೋನ್ ಮಾಡಿ, "ನನ್ನ ಥೈರಾಯ್ಡು ಮಿತಿ ಮೀರಿ ಕೆಲಸ ಮಾಡ್ತಿದೆ ಮಾವ" ಅಂದೆ.

"ನಿಮ್ಮ ಮೈಯಲ್ಲಿ ಅದೊಂದಾದ್ರೂ ಕೆಲಸ ಮಾಡ್ತದಲ್ಲ, ಬುಡಿ ಅಳಿಯಂದ್ರೇ."

ಡಾಕ್ಟರು ಅದನ್ನೂ ಕಿತ್ತುಕೊಂಡರು. "ಇದು ಥೈರಾಯ್ಡಿನ ಅಂಕ ಅಲ್ಲ ಕಣ್ರೀ, ಮೆದುಳಿನ ಬುಡದಲ್ಲಿರೋ ಪಿಟ್ಯುಟರಿಯ ಕೂಗು. ವಿಶ್ವೇಶ್ವರಯ್ಯ ನಾಲೆ ನೀರು ಮದ್ದೂರು, ಮಳವಳ್ಳಿ ಕೊನೇ ಭಾಗಕ್ಕೆ ಬರ್ದಿದ್ರೆ ರೈತ್ರು ಸುಮ್ನಿರ್ತಾರಾ? ನೀರು ಕಮ್ಮಿ ಆದಷ್ಟೂ ಕೂಗು ಜಾಸ್ತಿ. ನಿಮ್ಮ ಕತ್ತಿನಲ್ಲಿರೋ ಗ್ರಂಥಿ ಮಲಗಿಬಿಟ್ಟಿದೆ."

"ನಮ್ಮನೇಲೂ ಹಂಗೇ ಸಾರ್," ಅಂದಳು ಹೆಂಡತಿ. "ಇವರು ಏಳೋದು ತಡ ಆದಷ್ಟೂ ನನ್ನ ಗಂಟಲು ದೊಡ್ಡದಾಗ್ತದೆ." ಅವತ್ತಿಂದ ಅವಳನ್ನು ಪಿಟ್ಯುಟರಿ ಅಂತಲೇ ಕರೆಯುತ್ತೇನೆ, ಅಡುಗೆಮನೆಗೆ ಕೇಳದಷ್ಟು ಮೆಲ್ಲಗೆ.

ಥೈರಾಕ್ಸಿನ್ ಮಾತ್ರೆ ನೋಡಿದರೆ ಪುಟಾಣಿ. ಅದರ ದರ್ಬಾರು ಮಾತ್ರ ಮಹಾರಾಜರದು. ಬರೀ ಹೊಟ್ಟೆಗೆ ನುಂಗಬೇಕು, ಒಂದು ಗಂಟೆ ಕಾಫಿ ಮುಟ್ಟಬಾರದು. ಮುಟ್ಟಿದರೆ ಮಾತ್ರೆ ಮೈಗೆ ಸರಿಯಾಗಿ ಹತ್ತದು. ಸರಿಯಾಗಿ ಆ ಒಂದು ಗಂಟೆಯಲ್ಲೇ ನಿಮ್ಮನೆ ಡಿಕಾಕ್ಷನ್ನೂ ಅಷ್ಟು ಘಮ್ಮನ್ನುತ್ತದಲ್ಲವೇ?

ನಾನು ದಿನಾ ಬೆಂಗಳೂರಿಗೆ ರೈಲು ಹತ್ತುವವನು. ಮಾತ್ರೆ ನುಂಗಿ ಓಡಿ ಹತ್ತಿದರೆ, ಗಂಟೆ ತುಂಬುವ ಮೊದಲೇ ಮದ್ದೂರು ಬಂದುಬಿಡುತ್ತದೆ. 1917ರಲ್ಲಿ ಇದೇ ಸ್ಟೇಷನ್ನಿನಲ್ಲಿ ಹುಟ್ಟಿತು ಅಂತಾರೆ ವಡೆ. ನೂರು ದಾಟಿದ ಹಿರಿಯರು ಬಿಸಿಬಿಸಿಯಾಗಿ ಎದುರು ಬಂದಾಗ ಮುಖ ತಿರುಗಿಸಲು ನನ್ನ ಸಂಸ್ಕಾರ ಒಪ್ಪಲಿಲ್ಲ. ಒಂದು ದಿನವೂ ಒಪ್ಪಲಿಲ್ಲ. ಹಿರಿಯರ ಹಿಂದೆಯೇ ಕಾಫಿಯೂ ಬರುತ್ತಿತ್ತು.

ಆರು ವಾರ ಕಳೆದು ಮತ್ತೆ ರಕ್ತ ಕೊಟ್ಟೆ. 16.

"ಮಾತ್ರೆ ತಪ್ಪಿಸಿಲ್ಲ ತಾನೇ?" ಡಾಕ್ಟರು ಹುಬ್ಬು ಗಂಟಿಕ್ಕಿದರು. ನಾನು ತಾಯಾಣೆ ಇಟ್ಟೆ. ಪಿಟ್ಯುಟರಿ ಮಾತಾಡಲಿಲ್ಲ. ನನ್ನ ಅಂಗಿ ಜೇಬಿಗೆ ಕೈ ಹಾಕಿ, ಎಣ್ಣೆ ಜಿಡ್ಡಿನ ಕಾಗದ ಬಿಡಿಸಿ, ಕೆಂಪಗೆ ಕರಿದ ಈರುಳ್ಳಿ ಚೂರೊಂದನ್ನು ಮೇಜಿನ ಮೇಲಿಟ್ಟಳು.

ಡಾಕ್ಟರು ಬಗ್ಗಿ ಮೂಸಿದರು.

"ಮದ್ದೂರಿಂದೇ," ಅಂದರು.