ಮಾಡಿನ ಕೆಳಗಿನ ಶೂರರು

ತೀರ್ಥಹಳ್ಳಿ ಸೀಮೆಯವರಿಗೆ ಹೆಮ್ಮೆಪಡಲು ಸಾಮಗ್ರಿಗೇನೂ ಕೊರತೆಯಿಲ್ಲ. ಕುಪ್ಪಳಿಯ ಕುವೆಂಪು ಇದ್ದಾರೆ, ಮೇಳಿಗೆಯ ಅನಂತಮೂರ್ತಿ ಇದ್ದಾರೆ, ತುಂಗೆ ಇದ್ದಾಳೆ, ರಾಮತೀರ್ಥ ಇದೆ, ಎಳ್ಳಮಾವಾಸ್ಯೆಯ ಜಾತ್ರೆ ಇದೆ. ಆದರೆ ಬೆಂಗಳೂರಿನ ನೆಂಟರ ಮನೆಯಲ್ಲಿ ಕಾಫಿ ಲೋಟ ಕೈಗೆ ಬಂದ ಮೇಲೆ ನಮ್ಮ ಬಾಯಿಂದ ಮೊದಲು ಹೊರಡುವುದು ಇವು ಯಾವುದೂ ಅಲ್ಲ, ಮಳೆ. ಅವರು ಪಾಪ, ನಿನ್ನೆ ಸಂಜೆ ಸಿಲ್ಕ್ ಬೋರ್ಡಿನಲ್ಲಿ ಮೊಣಕಾಲುದ್ದ ನೀರು ನಿಂತ ಕಥೆ ಶುರುಮಾಡಿರುತ್ತಾರೆ. ನಾವು ಪೂರ್ತಿ ಕೇಳುವುದಿಲ್ಲ. "ಅದೂ ಒಂದು ಮಳೆಯಾ ಮಾರಾಯ್ರೆ? ನಮ್ಮ ಆಗುಂಬೇಲಿ ಮುನ್ನೂರು ಇಂಚು!" ಎಂದುಬಿಡುತ್ತೇವೆ. ಸರ್ಕಾರ ಮಿಲಿಮೀಟರಿಗೆ ಬಂದು ಎಷ್ಟೋ ಕಾಲವಾಯಿತು. ಅದರ ಪ್ರಕಾರ ಆಗುಂಬೆಯ ವಾರ್ಷಿಕ ಸರಾಸರಿ ಸುಮಾರು 7,600 ಮಿ.ಮೀ. ಲೆಕ್ಕ ಎರಡೂ ಒಂದೇ. ಆದರೂ ಜಂಬ ಕೊಚ್ಚಲು ಇಂಚೇ ಬೇಕು.

ಈ ಜಂಬಕ್ಕೆ ಒಳಜಗಳವೂ ಉಂಟು. ಆಗುಂಬೆಗೆ 'ದಕ್ಷಿಣದ ಚಿರಾಪುಂಜಿ' ಎಂಬ ಬಿರುದು ಶಾಲೆಯ ಪುಸ್ತಕದಲ್ಲೇ ಇದೆ. ನನ್ನ ಭಾವ ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆ ಕಡೆಯವರು, ಅವರು ಇದನ್ನು ಇವತ್ತಿಗೂ ಒಪ್ಪಿಲ್ಲ. ಕೆಲವು ವರ್ಷಗಳಲ್ಲಿ ಅವರ ಪಕ್ಕದ ಹುಲಿಕಲ್ ಆಗುಂಬೆಯನ್ನು ಹಿಂದೆ ಹಾಕಿದ್ದುಂಟು. ಅಂಥ ವರ್ಷ ಭಾವ ಪತ್ರಿಕೆಯ ತುಂಡು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡೇ ನಮ್ಮ ಮನೆಗೆ ಬರುವುದು. ನಮ್ಮಿಬ್ಬರ ವಾದ ಕೇಳಿ ಸಾಗರದ ಷಡ್ಡಕರು ನಗುತ್ತಾರೆ: "ನಿಮ್ಮದು ಬರೀ ಬೀಳೋದು. ಬಿದ್ದಿದ್ದನ್ನ ನಾಲ್ಕು ಜನಕ್ಕೆ ತೋರಿಸೋಕೆ ಜೋಗ ಇರೋದು ನಮ್ಮಲ್ಲಿ." 830 ಅಡಿಯ ಸಾಕ್ಷಿ ಇಟ್ಟುಕೊಂಡವರ ಹತ್ತಿರ ವಾದ ಬೆಳೆಸುವುದು ಕಷ್ಟ.

ಇಂಥ ಮನೆತನಕ್ಕೆ 2025ರ ಮೇ ತಿಂಗಳಲ್ಲಿ ಮಗಳು ಬೆಂಗಳೂರಿನಿಂದ ಒಂದು ಟೆಂಟು ತಂದಳು. ಸಮುದ್ರದ ದಂಡೆಯಲ್ಲಿ ಒಂದು ರಾತ್ರಿ ಎಲ್ಲರೂ ಒಟ್ಟಿಗೆ ಮಲಗಬೇಕಂತೆ. ಅಮ್ಮನಿಗೆ ಟೆಂಟು ಅಂದರೆ ಯಕ್ಷಗಾನದ್ದು. ಸಾಲಿಗ್ರಾಮ, ಪೆರ್ಡೂರು ಮೇಳದವರು ಘಟ್ಟ ಹತ್ತಿ ಬಂದಾಗ ಟಿಕೆಟು ತೆಗೆದು ಒಳಗೆ ಕೂತವಳು ಅವಳು. "ಅಷ್ಟು ದೊಡ್ಡ ಟೆಂಟಿಗೆ ನಾವೇ ಐದು ಜನವಾ? ಆಟ ಯಾರದ್ದು?" ಎಂದು ಕೇಳಿದಳು. ಮಗಳು ಚೀಲದಿಂದ ಬಿಚ್ಚಿ ಜಗಲಿಯ ಮೇಲೆ ನಿಲ್ಲಿಸಿದ್ದು ನಮ್ಮ ಮನೆಯ ನಾಯಿಗೂ ಬಗ್ಗಿ ಹೋಗಬೇಕಾದಷ್ಟು ಎತ್ತರದ್ದು. ನಾಲ್ಕು ಜನರ ಟೆಂಟೆಂದು ಚೀಲದ ಮೇಲೆ ಬರೆದಿತ್ತು. ಆ ನಾಲ್ವರು ಯಾರೋ ನಮಗೆ ಗೊತ್ತಿಲ್ಲ. ರಾತ್ರಿ ಮಗ್ಗುಲು ಬದಲಿಸದ, ಕಾಲು ಚಾಚದ, ಗೊರಕೆ ಹೊಡೆಯದ ಸಜ್ಜನರಿರಬೇಕು.

ಭಾವ ಕನ್ನಡಕ ಹಾಕಿಕೊಂಡು ಚೀಲದ ಮೇಲಿನ ಉಳಿದ ಅಕ್ಷರವನ್ನೂ ಓದಿದರು. ನೀರು ತಡೆಯುವ ಶಕ್ತಿ 3,000 ಮಿ.ಮೀ. ಎಂದಿತ್ತು. ಅವರ ಮುಖದಲ್ಲಿ ಮರುಕ ಮೂಡಿತು. "ಮಗಾ, ಇದು ನಮ್ಮಲ್ಲಿ ಜುಲೈ ಅರ್ಧದ ತನಕ ಬಂದರೆ ಹೆಚ್ಚು. ಬಾಕಿ ಮಳೆಗಾಲಕ್ಕೆ ಇನ್ನೂ ಒಂದು ತರಬೇಕಿತ್ತಲ್ಲ?" ಎಂದರು. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಒಳಗೆ ಜಿನುಗುವುದಿಲ್ಲ ಎಂಬುದು ಅದರ ಅರ್ಥ, ವರ್ಷದ ಮಳೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಮಗಳು ಬಿಡಿಸಿ ಹೇಳಿದಳು. ಭಾವ ತಲೆಯಾಡಿಸಿದರು. ನಂಬಿದ ತಲೆಯಾಟವಲ್ಲ ಅದು.

ಹೊರಟದ್ದು ಮೇ 24ರ ಶನಿವಾರ. ಕೃತ್ತಿಕೆ ಮುಗಿದು ರೋಹಿಣಿ ಮಳೆ ಹುಟ್ಟುವ ಹೊತ್ತು. ಅದೇ ದಿನ ಮುಂಗಾರು ಕೇರಳಕ್ಕೆ ಕಾಲಿಟ್ಟಿತೆಂದು ಹವಾಮಾನ ಇಲಾಖೆ ಪ್ರಕಟಿಸಿತು. ಜೂನ್ 1ಕ್ಕೆ ಬರಬೇಕಾದದ್ದು ವಾರ ಮೊದಲೇ ಬಂದಿತ್ತು. 2009ರ ನಂತರ ಇಷ್ಟು ಬೇಗ ಬಂದದ್ದು ಅದೇ ಮೊದಲು. ಮೊಬೈಲಿನಲ್ಲಿ ಎಚ್ಚರಿಕೆಯ ಸಂದೇಶಗಳು ಬರುತ್ತಲೇ ಇದ್ದವು. ನನ್ನಾಕೆ ಒಮ್ಮೆ ಅನುಮಾನಿಸಿದಳು. ಭಾವ ಗದರಿದರು: "ಮಳೆ ಬರುತ್ತೆ ಅಂತ ಮಾಸ್ತಿಕಟ್ಟೆಯವನಿಗೆ ಹೆದರಿಸೋದಾ? ನೀ ಹತ್ತು ತಂಗಿ ಕಾರು." ಅಮ್ಮ ಕವಳದ ಸಂಚಿ, ಉದ್ದ ಹಿಡಿಯ ಕೊಡೆ, ಒಂದು ಕರಿ ಕಂಬಳಿ ಹಿಡಿದು ಆಗಲೇ ಒಳಗೆ ಕೂತಿದ್ದಳು.

ಗುಡ್ಡೇಕೇರಿ ದಾಟಿ ಆಗುಂಬೆ ಸೇರಿದರೆ ಸೂರ್ಯಾಸ್ತ ನೋಡುವ ಕಟ್ಟೆ ಸಿಗುತ್ತದೆ. ಆಕಾಶ ಶುಭ್ರವಾಗಿದ್ದರೆ ಅಲ್ಲಿಂದ ಅರಬ್ಬೀ ಸಮುದ್ರವೇ ಕಾಣುತ್ತದೆ. ನಮಗೆ ಅವತ್ತು ಕಟ್ಟೆಯೇ ಸರಿಯಾಗಿ ಕಾಣಲಿಲ್ಲ. ಆದರೆ ಆ ಜಾಗದಲ್ಲಿ ನಿಂತಾಗಲೆಲ್ಲ ನನಗೆ ಹನಿಗಳ ಹಣೆಬರಹದ ಯೋಚನೆ ಬರುತ್ತದೆ. ಸಮುದ್ರದಿಂದ ಎದ್ದ ತೇವದ ಗಾಳಿ ಗೋಡೆಯಂಥ ಘಟ್ಟಕ್ಕೆ ತಾಗಿ, ಮೇಲೇರಿ, ತಣಿದು ಇಲ್ಲಿ ಸುರಿಯುತ್ತದೆ. ಕೆಳಗಿನ ಉಡುಪಿಗೆ ಸಿಗುವುದು ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಚಿಲ್ಲರೆ, ಸುಮಾರು 650 ಮೀಟರ್ ಎತ್ತರದ ಆಗುಂಬೆಗೆ ಅದರ ಎರಡು ಪಟ್ಟಿಗೆ ಹತ್ತಿರ. ಘಟ್ಟದ ಆಚೆ ಮಗ್ಗುಲಿಗೆ ಬಿದ್ದ ಹನಿ ಸೀತಾನದಿ ಸೇರಿ, ಹೆಬ್ರಿಯ ಕಡೆ ಇಳಿದು, ಹೊರಟ ಸಮುದ್ರಕ್ಕೇ ವಾಪಸು. ಈಚೆ ಬಿದ್ದದ್ದಕ್ಕೆ ಮಾತ್ರ ಶಿಫಾರಸಿಲ್ಲದ ಗುಮಾಸ್ತನ ವರ್ಗಾವಣೆ. ಮಾಲತಿ, ತುಂಗೆ, ಕೂಡಲಿಯಲ್ಲಿ ಭದ್ರೆಯ ಜೊತೆ, ಹೊಸಪೇಟೆಯ ಅಣೆಕಟ್ಟಿನಲ್ಲಿ ಒಂದಷ್ಟು ಕಾಲ, ಆಮೇಲೆ ಕೃಷ್ಣೆ, ಕೊನೆಗೆ ಬಂಗಾಳ ಕೊಲ್ಲಿ.

ಹದಿನಾಲ್ಕು ತಿರುವು ಇಳಿದು ಸೋಮೇಶ್ವರ, ಹೆಬ್ರಿ ಹಾಯ್ದು, ಕೆಮ್ಮಣ್ಣು ಎಂಬ ಊರಿನ ಮೇಲೆ ಕೋಡಿಬೆಂಗ್ರೆಗೆ ಹೋದೆವು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ತೆಂಗಿನ ಮರ ಮತ್ತು ಮನೆಗಳಿಗೆ ಸಾಲುವಷ್ಟೇ ನೆಲ. ಆ ನೆಲದ ತುದಿಯಲ್ಲಿ ಸೀತೆಯೂ ಸ್ವರ್ಣೆಯೂ ಸಮುದ್ರ ಸೇರುತ್ತವೆ. ಮಗಳ ಜೊತೆ ಕೆಲಸ ಮಾಡುವ ಹುಡುಗಿಯ ಅಜ್ಜನ ಮನೆ ಅಲ್ಲಿತ್ತು. ದಂಡೆಯಲ್ಲಿ ಟೆಂಟು ಹಾಕುವ ಮಾತನ್ನೇ ಅಜ್ಜ ಎತ್ತಗೊಡಲಿಲ್ಲ. ಕಡಲಿನ ಬಣ್ಣ ಬದಲಾಗಿತ್ತು, ಅಲೆ ಕಲ್ಲಿನ ತಡೆಗೆ ಹೊಡೆಯುತ್ತಿತ್ತು. ತಮ್ಮ ತೆಂಗಿನ ಹಿತ್ತಲಲ್ಲೇ ಜಾಗ ತೋರಿಸಿ, ಟೆಂಟಿನ ಚೀಲವನ್ನು ಒಮ್ಮೆ ನೋಡಿ, "ಹ್ವಾಯ್, ಮೇಳ್ದವ್ರೇ ಟೆಂಟ್ ಬಿಚ್ಚಿ ಮನಿಗ್ ಹೋಪ್ ಹೊತ್ತಿಗೆ ನೀವ್ ಕಟ್ಟುಕ್ ಬಂದದ್ದಾ?" ಎಂದರು.

ಅಜ್ಜನ ಮಾತಿನಲ್ಲಿ ತಮಾಷೆಗಿಂತ ಪಂಚಾಂಗ ಹೆಚ್ಚಿತ್ತು. ಕರಾವಳಿಯಲ್ಲಿ ಪತ್ತನಾಜೆ ಎಂಬ ದಿನವೊಂದಿದೆ. ಸೌರಮಾನದ ವೃಷಭ ಮಾಸದ ಹತ್ತನೇ ದಿನ, ಎಂದರೆ ಮೇ 24ರ ಆಸುಪಾಸು. ಅಲ್ಲಿಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಕೋಲಗಳು ನಿಲ್ಲುತ್ತವೆ. ಇನ್ನೊಂದು ವಾರಕ್ಕೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೂ ರಜೆ, ಜೂನ್ 1ರಿಂದ ಜುಲೈ 31ರ ತನಕ. ಒಂದು ಸೀಮೆಗೆ ಸೀಮೆಯೇ ಬಯಲಿನ ಬದುಕನ್ನು ಮಡಿಸಿ ಒಳಗಿಡುವ ದಿನವೇ ನಾವು ಬಯಲಿಗೆ ಬಂದು ಟೆಂಟು ಬಿಡಿಸುತ್ತಿದ್ದೆವು.

ಬಿಡಿಸಿದ್ದೇನೋ ಹೌದು, ನಿಲ್ಲಬೇಕಲ್ಲ. ಟೆಂಟಿನ ಜೊತೆ ಬಂದ ಗೂಟಗಳು ಬೆರಳು ದಪ್ಪದವು. ನಮ್ಮ ಕೆಮ್ಮಣ್ಣಿನಲ್ಲಿ ಹೊಡೆದರೆ ಕೀಳಲು ಹಾರೆ ಬೇಕು. ಮರಳಿನಲ್ಲಿ ಹೊಡೆದವು ಗಾಳಿ ಎಳೆದ ಕೂಡಲೇ ಎದ್ದು ಬಂದವು. ಭಾವ ಮತ್ತೆ ಹೊಡೆದರು, ಗಾಳಿ ಮತ್ತೆ ಕಿತ್ತಿತು. ಅಜ್ಜ ಸ್ವಲ್ಪ ಹೊತ್ತು ನೋಡಿ, ಸಿಮೆಂಟಿನ ಖಾಲಿ ಚೀಲಗಳನ್ನು ತಂದರು. ಅವಕ್ಕೆ ಮರಳು ತುಂಬಿ, ಬಾಯಿ ಕಟ್ಟಿ, ಮೊಣಕಾಲಾಳದ ಗುಂಡಿಯಲ್ಲಿ ಹೂತು, ದೋಣಿಯ ಹಗ್ಗದಲ್ಲಿ ಟೆಂಟಿನ ನಾಲ್ಕು ಮೂಲೆಯನ್ನೂ ಬಿಗಿದರು. ಅವರು ಹಾಕಿದ ಗಂಟನ್ನು ಮರುದಿನ ಬಿಚ್ಚಲು ನಮ್ಮಿಂದ ಆಗಲಿಲ್ಲ.

ಕತ್ತಲಾಗುತ್ತಿದ್ದಂತೆ ಮಳೆ ಬಂತು. ಮಲೆನಾಡಿನ ಮಳೆ ಮೇಲಿನಿಂದ ಬರುತ್ತದೆ. ಇಷ್ಟು ವರ್ಷ ಮಳೆಗೆ ಬೇರೆ ದಿಕ್ಕು ಇದೆಯೆಂದೇ ನಾವು ಭಾವಿಸಿರಲಿಲ್ಲ. ಇದು ಪಕ್ಕದಿಂದ ಬಂತು. ಕಡಲ ಕಡೆಯಿಂದ ಅಡ್ಡಡ್ಡ ಬಂದು ಟೆಂಟಿನ ಗೋಡೆಯನ್ನು ತಟ್ಟಿತು, ನಡುವೆ ಉಪ್ಪುನೀರಿನ ತುಂತುರನ್ನೂ ಬೆರೆಸಿತು. ಕಿಟಕಿಯ ಜಿಪ್ಪು ಎಳೆದರೆ ಉಸಿರು ಕಟ್ಟುವ ಸೆಕೆ, ಬಿಟ್ಟರೆ ಎರಚಲು. ಸಣ್ಣ ಗ್ಯಾಸಿನ ಒಲೆ ಹತ್ತಲಿಲ್ಲ, ಹಲಸಿನ ಹಪ್ಪಳ ಹಸಿಯಾಗೇ ಉಳಿಯಿತು. ಗಾಳಿ ಬಂದಾಗ ಭಾವ ಒಂದು ಕಂಬ ಹಿಡಿದರೆ ನಾನು ಇನ್ನೊಂದನ್ನು ಹಿಡಿದೆ. ಮಳೆಯ ಬಗ್ಗೆ ಐವತ್ತು ವರ್ಷ ಮಾತಾಡಿದ ಇಬ್ಬರೂ ಅವತ್ತು ಎದುರುಬದುರು ಕೂತು ಒಂದು ಇಂಚಿನ ಸುದ್ದಿಯನ್ನೂ ಎತ್ತಲಿಲ್ಲ.

ಅಮ್ಮ ಮಾತ್ರ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ನಡುಮಧ್ಯ ಕವಳ ಜಗಿಯುತ್ತಿದ್ದಳು. ಟೆಂಟಿನೊಳಗೆ ನೆನೆಯದೆ ಉಳಿದ ಜಾಗ ಆ ಕಂಬಳಿಯ ಕೆಳಗೊಂದೇ. ಅದನ್ನು ನೋಡುತ್ತ ನನಗೆ ಹೊಳೆಯಿತು: ನಮಗೆ ಗೊತ್ತಿರುವುದು ಮಳೆಯಲ್ಲ, ಮಾಡು.

ಯೋಚಿಸಿ ನೋಡಿ. ಮಲೆನಾಡಿನ ಮಳೆವಿದ್ಯೆಯೆಲ್ಲ ಏನಾದರೊಂದರ ಕೆಳಗೆ ಇರುವ ವಿದ್ಯೆಯೇ. ಬೇಸಿಗೆಯಲ್ಲೇ ಹೆಂಚು ಕೈಯಾಡಿಸುತ್ತೇವೆ, ಗೋಡೆಗೆ ಎರಚಲು ಹೊಡೆಯದಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತೇವೆ, ಕಟ್ಟಿಗೆಯನ್ನು ಕೊಟ್ಟಿಗೆಗೆ ಸೇರಿಸುತ್ತೇವೆ. ಗದ್ದೆಗೆ ಹೋದರೆ ಬೆನ್ನ ಮೇಲೆ ಗೊರಬು, ಪೇಟೆಗೆ ಹೋದರೆ ಕೊಡೆ. ಅಡಿಕೆ ಕೊನೆಗೂ ಕೊಳೆ ಬಾರದಿರಲೆಂದು ಕೊಟ್ಟೆ ಕಟ್ಟಿ ಕೊಡುವ ಜನ ನಾವು. ಒದ್ದೆ ಬಟ್ಟೆಗೆ ಬಚ್ಚಲ ಒಲೆ ಹಗಲೂ ರಾತ್ರಿ ಉರಿಯುತ್ತದೆ. ಇಷ್ಟೆಲ್ಲ ಮಾಡಿಕೊಂಡು ಜಗಲಿಯಲ್ಲಿ ಕೂತು, ಸುಟ್ಟ ಗೇರುಬೀಜ ಸುಲಿಯುತ್ತ, ಅಂಗಳಕ್ಕೆ ಬೀಳುವುದನ್ನು ಇಂಚಿನಲ್ಲಿ ಎಣಿಸುತ್ತೇವೆ. ಮುನ್ನೂರು ಇಂಚು ಬಿದ್ದದ್ದು ನಿಜ. ನಮ್ಮ ತಲೆಯ ಮೇಲಲ್ಲ, ಹೆಂಚಿನ ಮೇಲೆ.

ಆ ಹೆಂಚಾದರೂ ನಮ್ಮದೇ? 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯಲ್ಲಿ, ಹೆಂಚಿನ ಕಾರ್ಖಾನೆ ಹಾಕಿದರು. ಒಂದರ ಅಂಚು ಇನ್ನೊಂದರ ಗಾಡಿಗೆ ಕೂರುವ ಆ ಕೆಂಪು ಹೆಂಚು ಘಟ್ಟ ಹತ್ತಿದ ಮೇಲೆ ಸೋಗೆಯ ಮಾಡೂ ನಾಡಹೆಂಚೂ ಮೆಲ್ಲಗೆ ಹಿಂದೆ ಸರಿದವು. ಮಳೆ ಬರುವುದೂ ಘಟ್ಟದ ಕೆಳಗಿನಿಂದ, ಮಳೆ ತಡೆಯುವ ಹೆಂಚು ಬಂದದ್ದೂ ಘಟ್ಟದ ಕೆಳಗಿನಿಂದ. ಜಂಬವೊಂದೇ ಮೇಲಿನದ್ದು.

ಎಂಟು ಗಂಟೆಯ ಹೊತ್ತಿಗೆ ಅಜ್ಜ ಟಾರ್ಚು ಹಿಡಿದು ಬಂದರು. ಹೆಚ್ಚು ಮಾತಿಲ್ಲ. "ಗಂಜಿ ಆಯ್ತ್, ಬನ್ನಿ" ಎಂದರು, ಅಷ್ಟೇ. ನಾವು ಯಾರು ಮೊದಲು ಏಳುವುದೆಂದು ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಭಾವ ಜಗಲಿಯಲ್ಲಿದ್ದರು. ಕುಚ್ಚಲಕ್ಕಿ ಗಂಜಿ, ತುಪ್ಪ, ಸುಟ್ಟ ಹಪ್ಪಳ; ಅದು ನಮ್ಮ ಹಪ್ಪಳವೇ, ಅವರ ಒಲೆಯಲ್ಲಿ. ಅಮ್ಮ ಅಪ್ಪೆಮಿಡಿಯ ಭರಣಿ ತೆಗೆದಳು. ಆ ಮನೆಯ ಅಜ್ಜಿ ಒಂದು ಮಿಡಿ ಕಚ್ಚಿ, ಕಣ್ಣು ಮುಚ್ಚಿ, ಭರಣಿಯನ್ನು ತನ್ನ ಕಡೆಗೆ ಸರಿಸಿಕೊಂಡರು. ಆಮೇಲೆ ಇಬ್ಬರು ಮುದುಕಿಯರು ಕಡಲ್ಕೊರೆತದ ಸುದ್ದಿಯನ್ನೂ ಗುಡ್ಡ ಜರಿದ ಸುದ್ದಿಯನ್ನೂ ವಿನಿಮಯ ಮಾಡಿಕೊಂಡರು. ಆ ಮಾತಿನಲ್ಲಿ ಪೈಪೋಟಿ ಇರಲಿಲ್ಲ. ಕಡಲ ಬಾಯಲ್ಲೇ ಇದ್ದೂ ಆ ಮನೆಯವರು ಮಳೆಯ ಬಗ್ಗೆ ಒಂದು ಅಂಕಿಯನ್ನೂ ಹೇಳಲಿಲ್ಲವೆಂಬುದು ನನಗೆ ಮಲಗುವಾಗ ನೆನಪಾಯಿತು.

ಮಗಳಿಗೆ ಬೇಸರವಾಗದಿರಲೆಂದು ಟೆಂಟನ್ನು ಒರೆಸಿ ಜಗಲಿಯಲ್ಲೇ ನಿಲ್ಲಿಸಿದೆವು. ಸೊಳ್ಳೆ ಬಾರದ ಜಾಲರಿ ಕಂಡದ್ದೇ ಅಮ್ಮ ಒಳಗೆ ಹೋಗಿ ಜಿಪ್ಪು ಎಳೆದುಕೊಂಡಳು. ನಾಲ್ಕು ಜನರ ಟೆಂಟಿನಲ್ಲಿ ಅವಳೊಬ್ಬಳೇ ಬೆಳಗಿನ ತನಕ ಸುಖವಾಗಿ ಮಲಗಿದಳು.

ಊರಿಗೆ ಬಂದ ಮೇಲೆ ಮಗಳು ಹೊಸ ಸುದ್ದಿ ಹೇಳಿದಳು. ಅವಳ ಗೆಳತಿಯರು ಜುಲೈನಲ್ಲಿ ಮಲೆನಾಡಿಗೆ ಬಂದು ಮಳೆಯಲ್ಲೇ ಟೆಂಟು ಹಾಕಿ ಇರಬೇಕೆಂದಿದ್ದಾರಂತೆ, ಅದಕ್ಕೆ ದುಡ್ಡನ್ನೂ ಕೊಡುತ್ತಾರಂತೆ. ಭಾವ ಅಡಿಕೆ ಒಣಗಿಸುವ ಅಂಗಳವನ್ನು ಹೆಜ್ಜೆಯಲ್ಲಿ ಅಳೆಯತೊಡಗಿದ್ದಾರೆ. ಹುಲಿಕಲ್ ಮಳೆಗೆ ದರ ಎಷ್ಟಿಡಬೇಕೆಂದು ನನ್ನನ್ನು ಕೇಳಿದರು. ಅಮ್ಮನದು ಒಂದೇ ಶರತ್ತು: "ಎಲ್ಲಿ ಬೇಕಾದರೂ ಹಾಕಲಿ, ಜಗಲಿಗೆ ಕಾಣುವ ಹಾಗೆ ಹಾಕಲಿ. ರಾತ್ರಿ ಹನ್ನೆರಡಕ್ಕೆ ಓಡಿ ಬರುವಾಗ ಕತ್ತಲಲ್ಲಿ ದಾರಿ ತಪ್ಪಬಾರದು. ಅಷ್ಟೂ ಜನಕ್ಕೆ ಹಾಸಿಗೆ ತೆಗೆದಿಡಿ, ಬಚ್ಚಲ ಒಲೆಗೆ ದೊಡ್ಡ ಕುಂಟೆ ಇಡಿ."