ತೆಪ್ಪದ ಮೇಲೊಂದು ಉಪನ್ಯಾಸ

ಉಬ್ರಾಣಿಗೆ ಪ್ರವಾಸಿಗರು ಬರುವುದಿಲ್ಲ. ಅಡಿಕೆ ಚೇಣಿಯವರು ಬರುತ್ತಾರೆ, ಬೋರ್‌ವೆಲ್ ಲಾರಿಯವರು ಬರುತ್ತಾರೆ, ಕಾಡಿನ ಕಡೆಯಿಂದ ಒಮ್ಮೊಮ್ಮೆ ಆನೆ ಬರುತ್ತದೆ. ಇವರಲ್ಲಿ ಜನ ಫೋಟೊ ತೆಗೆಯುವುದು ಆನೆಯದನ್ನು ಮಾತ್ರ. ಅದನ್ನೂ ಓಡುತ್ತಲೇ ತೆಗೆಯುವುದರಿಂದ ಫೋಟೊದಲ್ಲಿ ಆನೆಗಿಂತ ಅಡಿಕೆ ಮರವೇ ಹೆಚ್ಚು ಬಂದಿರುತ್ತದೆ.

ಇಂಥ ಊರಿನಲ್ಲಿ ತೆಪ್ಪಗೆ ತೋಟ ನೋಡಿಕೊಂಡಿದ್ದ ನನಗೆ ಗೈಡ್ ಆಗುವ ಹುಚ್ಚು ಹಿಡಿಸಿದವನು ನಮ್ಮಕ್ಕನ ಮಗ. ಪೋಲೆಂಡಿನ ಕ್ರಾಕೋವ್‌ನಲ್ಲಿ ಕಂಪ್ಯೂಟರ್ ಕೆಲಸ ಅವನಿಗೆ. ಕ್ರಿಸ್‌ಮಸ್ ರಜೆಗೆ ಬಂದವನು ಕಾಫಿ ಕುಡಿಯುವ ಮೊದಲೇ ಫೋನು ತೆರೆದು, ಅಲ್ಲಿನ ದುನಾಯೆಟ್ಸ್ ನದಿಯ ವಿಡಿಯೊ ತೋರಿಸತೊಡಗಿದ. ಸ್ಲೊವಾಕಿಯಾದ ಗಡಿಯಲ್ಲಿ ಪಿಯೆನಿನಿ ಗುಡ್ಡಗಳನ್ನು ಸೀಳಿಕೊಂಡು ಹರಿಯುವ ನದಿ. ಮರದ ದೋಣಿಗಳನ್ನು ಜೋಡಿಸಿ ಕಟ್ಟಿದ ತೆಪ್ಪದಲ್ಲಿ ಜನ ಸಾಲಾಗಿ ಕೂತಿರುತ್ತಾರೆ. ಕಸೂತಿ ಹಾಕಿದ ನೀಲಿ ಜಾಕೀಟು ತೊಟ್ಟ ಅಂಬಿಗರು ಉದ್ದನೆಯ ಗಳ ಹಿಡಿದು ನೂಕುತ್ತ, ಬಂಡೆಗೊಂದು ಕಥೆ ಹೇಳುತ್ತ ಹೋಗುತ್ತಾರೆ. ಮೇಲ್ಗಡೆ ಅಣೆಕಟ್ಟು, ಹಿನ್ನೀರಿನ ಈ ದಂಡೆಗೊಂದು ಕೋಟೆ, ಆ ದಂಡೆಗೊಂದು ಕೋಟೆ.

“ಅಣೆಕಟ್ಟು ಯಾವ ಕಾಲದ್ದು?” ಎಂದೆ.

“1997 ಮಾವ.”

ನನಗೆ ಒಳಗೊಳಗೇ ಖುಷಿಯಾಯಿತು. ಅದು ನಾವು ಶಿವಮೊಗ್ಗ ಜಿಲ್ಲೆ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿದ ವರ್ಷ. ಅಂದರೆ ಅವರ ನೀರಿಗೆ ನಮ್ಮ ಜಿಲ್ಲೆಯಷ್ಟೇ ವಯಸ್ಸು. ನಮ್ಮ ಸೂಳೆಕೆರೆಗೆ ಎಂಟುನೂರು ವರ್ಷ ದಾಟಿದೆ ಅನ್ನುತ್ತಾರೆ.

“ನಮಗೂ ಕಣಿವೆ ಇದೆ,” ಎಂದೆ. ಅವನು ಸುತ್ತ ನೋಡಿದ. ಅಂಗಳದಲ್ಲಿ ಒಣಗುತ್ತಿದ್ದ ಅಡಿಕೆ ಬಿಟ್ಟು ಬೇರೇನೂ ಕಾಣಲಿಲ್ಲ.

ನಮ್ಮ ಮನೆಯವಳು ಅಡುಗೆಮನೆಯಿಂದಲೇ, “ರೀ, ಹುಡುಗ ಎರಡು ದಿನ ನಿದ್ದೆ ಮಾಡ್ಲಿ ಬಿಡ್ರೀ,” ಎಂದಳು. ಆದರೆ ಇದು ಕಣಿವೆಯ ಮರ್ಯಾದೆಯ ಪ್ರಶ್ನೆ. ಚನ್ನಗಿರಿ ಸೀಮೆಯ ಗುಡ್ಡಗಳ ಹಳ್ಳಗಳೆಲ್ಲ ಇಳಿದು ಸೂಳೆಕೆರೆ ಸೇರುತ್ತವೆ. ಅಲ್ಲಿಂದ ಹೊರಟ ಹರಿದ್ರಾ ಹರಿಹರದ ಹತ್ತಿರ ತುಂಗಭದ್ರೆಯನ್ನು ಕೂಡುತ್ತದೆ. ಪೋಲೆಂಡಿನವರಿಗೆ ಇರುವುದೆಲ್ಲ ನಮಗೂ ಇದೆ, ಟಿಕೆಟ್ ಕೌಂಟರ್ ಒಂದನ್ನು ಬಿಟ್ಟು.

ಮಾರನೆಯ ದಿನ ಬೆಳಿಗ್ಗೆ ಹೊರಟಾಗ ನಾನು ಬಿಳಿ ಪಂಚೆಯ ಮೇಲೆ, ಮಗನ ಮದುವೆಗೆ ಹೊಲಿಸಿದ್ದ ಜರಿ ಅಂಚಿನ ನೀಲಿ ಜಾಕೀಟು ತೊಟ್ಟಿದ್ದೆ. ಅಳಿಯ ಮೇಲಿಂದ ಕೆಳಗೆ ನೋಡಿ, “ಯಾರದ್ದಾದ್ರೂ ಮದುವೆ ಇದೆಯಾ ಮಾವ?” ಎಂದ. “ಅಂಬಿಗರ ಡ್ರೆಸ್ಸು,” ಎಂದೆ. ಒಂದು ದೇಶದ ಜೊತೆ ಸ್ಪರ್ಧೆಗೆ ಇಳಿದ ಮೇಲೆ ಬಟ್ಟೆಯಲ್ಲಿ ಹಿಂದೆ ಬೀಳಬಾರದು.

ಜೋಳದಾಳಿನ ಅಮ್ಮನಗುಡ್ಡಕ್ಕೆ ಕೈಮುಗಿದು, ಚನ್ನಗಿರಿ ಕೋಟೆ ಹತ್ತಿದೆವು. ಕೆಳದಿಯ ರಾಣಿ ಚೆನ್ನಮ್ಮಾಜಿಯ ಹೆಸರು ಹೊತ್ತ ಊರು ಇದು. ಔರಂಗಜೇಬನ ಸೈನ್ಯ ಬೆನ್ನು ಹತ್ತಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಗಟ್ಟಿಗಿತ್ತಿ ಆಕೆ. ಅಷ್ಟು ದೊಡ್ಡ ಸಾಮ್ರಾಜ್ಯಕ್ಕೆ ಅಂಜದವಳ ಹೆಸರಿನ ಕೋಟೆಯಲ್ಲಿ ಈಗ ಬಿಯರ್ ಬಾಟಲಿಯ ಚೂರಿಗೆ ಅಂಜಿ ಕಾಲಿಡಬೇಕು. ಗೋಡೆಯ ಮೇಲೆ ಹೃದಯದ ಚಿತ್ರ ಬರೆದು ಬಾಣ ಚುಚ್ಚಿದ ಪ್ರೇಮಿಗಳಿಗೆ ನನ್ನದೊಂದು ಮಾತಿದೆ, ಆದರೆ ಅದನ್ನು ಪತ್ರಿಕೆಯವರು ಅಚ್ಚು ಹಾಕುವುದಿಲ್ಲ.

ಅಲ್ಲಿಂದ ಹೊದಿಗೆರೆ. ಅಳಿಯ ದಾರಿಯುದ್ದಕ್ಕೂ “ಆಕ್ಟಿವಿಟಿ ಏನಿದೆ ಮಾವ, ಆಕ್ಟಿವಿಟಿ?” ಎಂದು ಕೇಳುತ್ತಿದ್ದ. ಬರೀ ನೋಡಿದರೆ ಸಾಲದಂತೆ, ಹತ್ತಬೇಕಂತೆ, ಹಾರಬೇಕಂತೆ, ತೇಲಬೇಕಂತೆ. ಶಹಾಜಿ ಭೋಸಲೆಯವರ ಸಮಾಧಿಯ ಮುಂದೆ ನಿಲ್ಲಿಸಿ, “ಇವರು 1664ರ ಜನವರಿಯಲ್ಲಿ ಇಲ್ಲಿ ಬೇಟೆಗೆ ಬಂದಿದ್ದರು. ಕುದುರೆಯಿಂದ ಬಿದ್ದು ತೀರಿಕೊಂಡರು. ನಮ್ಮ ತಾಲ್ಲೂಕಿನ ಆಕ್ಟಿವಿಟಿ ಇದು,” ಎಂದೆ. ಆಮೇಲೆ ಸಂತೆಬೆನ್ನೂರು ಬರುವವರೆಗೆ ಅವನು ಆ ಪ್ರಶ್ನೆ ಎತ್ತಲಿಲ್ಲ.

ಸಂತೆಬೆನ್ನೂರಿನ ಪುಷ್ಕರಣಿ ಮಾತ್ರ ಅವನ ಬಾಯಿ ಕಟ್ಟಿಹಾಕಿತು. ಹದಿನಾರನೇ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಹೊಂಡ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ನಡುನೀರಿನಲ್ಲಿ ವಸಂತ ಮಂಟಪ, ಪಕ್ಕದಲ್ಲಿ ಬಿಜಾಪುರದ ಸರದಾರ ರಣದುಲ್ಲಾ ಖಾನನ ಕಾಲದ ಮುಸಾಫಿರ್‌ಖಾನೆ. ಒಬ್ಬರನ್ನೊಬ್ಬರು ಸೋಲಿಸಿದವರ ಕಟ್ಟಡಗಳು ಒಂದೇ ನೀರಿನಲ್ಲಿ ನೆರಳು ನೋಡಿಕೊಳ್ಳುತ್ತಿವೆ. ಇಲ್ಲಿ ನಾನು ಉಪನ್ಯಾಸಕ್ಕೆ ಬಾಯಿ ತೆರೆದೆ. ಶಾಲಾ ಮಕ್ಕಳ ಬಸ್ಸೊಂದು ಬಂತು. ಮುಚ್ಚಿದೆ.

ಆ ಮುಚ್ಚಿಟ್ಟ ಉಪನ್ಯಾಸವೆಲ್ಲ ಸೂಳೆಕೆರೆಯಲ್ಲಿ ಹೊರಬಂತು.

ಡಿಸೆಂಬರ್ ಆದ್ದರಿಂದ ನೀರು ಚೆನ್ನಾಗಿತ್ತು. ಏರಿಯ ಮೇಲೆ ನಿಂತು, “ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ,” ಎಂದೆ. ನಮ್ಮ ಕಡೆ ಹುಟ್ಟಿದ ಮಗುವಿಗೂ ಗೊತ್ತಿರುವ ಮಾತು. “ಮೊದಲನೇದು ಯಾವುದು?” ಎಂದ ಅಳಿಯ. ಇಷ್ಟು ತಲೆಮಾರು ಯಾರೂ ಕೇಳದ ಪ್ರಶ್ನೆ. ಹೊರದೇಶಕ್ಕೆ ಹೋದರೆ ಹುಡುಗರು ಕೆಡುತ್ತಾರೆ ಎಂದು ಹಿರಿಯರು ಹೇಳುವುದು ಇದಕ್ಕೇ ಇರಬೇಕು.

ಮಾತು ಮರೆಸಲು, ದಡದಲ್ಲಿ ಬಲೆ ಬಿಡಿಸುತ್ತ ಕೂತಿದ್ದ ಮೀನಿನವನನ್ನು ಒಪ್ಪಿಸಿ ಅವನ ತೆಪ್ಪ ಹತ್ತಿದೆವು. ಪೋಲೆಂಡಿನವರದು ಉದ್ದನೆಯ ತೆಪ್ಪ, ಮೂಗು ಎತ್ತ ಇದೆಯೋ ಅತ್ತ ಹೋಗುತ್ತದೆ. ನಮ್ಮದು ದುಂಡು, ಮೂಗೇ ಇಲ್ಲ. ಈ ವ್ಯತ್ಯಾಸದ ಮಹತ್ವ ನನಗೆ ನೀರಿಗೆ ಇಳಿಯುವವರೆಗೆ ಹೊಳೆದಿರಲಿಲ್ಲ.

ದಡದಿಂದ ಸ್ವಲ್ಪ ದೂರ ಹೋದ ಮೇಲೆ ನಾನು ಎದ್ದು ನಿಂತೆ. ಆ ಅಂಬಿಗರು ನಿಂತುಕೊಂಡೇ ಕಥೆ ಹೇಳುತ್ತಾರಲ್ಲ? “ಯಜಮಾನ್ರೆ, ಕುತ್ಕಳ್ರಿ,” ಎಂದ ತೆಪ್ಪದವನು. ನಾನು ಜಾಕೀಟಿನ ಗುಂಡಿ ಹಾಕಿಕೊಂಡು, ಬಲಗೈ ನೀಡಿ, “ಅಗೋ, ಆ ಏರಿಯನ್ನು ನೋಡು” ಎಂದು ಶುರುಮಾಡಿದೆ. “ಉದ್ದ ಸಾವಿರ ಅಡಿಯೂ ಇಲ್ಲ. ಎರಡು ಗುಡ್ಡದ ನಡುವಿನ ಕಿಂಡಿಗೆ ಅಡ್ಡ ಹಾಕಿದ ಮಣ್ಣು ಅಷ್ಟೇ. ಆದರೆ ಹಿಂದೆ ನಿಂತ ನೀರಿನ ಸುತ್ತಳತೆ ನಲವತ್ತು ಮೈಲಿ ಎಂದು ಲೂಯಿ ರೈಸ್ ತನ್ನ ಗೆಜೆಟಿಯರಿನಲ್ಲಿ...”

ಅಳಿಯ ಏರಿಯ ಬದಲು ನನ್ನನ್ನೇ ನೋಡುತ್ತಿದ್ದ. ಯಾಕೆಂದರೆ ವಾಕ್ಯ ರೈಸ್ ಸಾಹೇಬರವರೆಗೆ ಬರುವಷ್ಟರಲ್ಲಿ ತೆಪ್ಪ ಕಾಲು ಸುತ್ತು ತಿರುಗಿ, ನನ್ನ ಬೆರಳು ಏರಿಯನ್ನು ಬಿಟ್ಟು ಒಂದು ಕೊಕ್ಕರೆಯನ್ನು ತೋರಿಸುತ್ತಿತ್ತು. ನಾನು ಧೈರ್ಯಗೆಡದೆ, “ಅಲ್ಲಿ ಸಿದ್ಧೇಶ್ವರನ ಗುಡಿ” ಎಂದೆ. ಬೆರಳ ತುದಿಗೆ ಗುಡಿ ಬಂದಿತ್ತು ನಿಜ, ಆದರೆ “ಗುಡಿ” ಎಂಬ ಶಬ್ದ ಬಾಯಿಂದ ಬೀಳುವ ಹೊತ್ತಿಗೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರ ಕಡೆ ತಿರುಗಿತ್ತು. ಆಕೆ ಸೆರಗು ಸರಿಮಾಡಿಕೊಂಡು ನನ್ನನ್ನು ದುರುಗುಟ್ಟಿ ನೋಡಿದರು. ನಾನು ಗಾಬರಿಯಲ್ಲಿ ಕೈ ಬದಲಿಸಿ ಎಡಗೈ ನೀಡಿದೆ. ಎಡಗೈಯ ನೇರಕ್ಕೆ ಅಳಿಯನ ಮೂಗಿತ್ತು.

“ಸಿದ್ಧನಾಲೆ, ಬಸವನಾಲೆ ಅಂತ ಎರಡು ನಾಲೆ,” ಎಂದು ಎರಡೂ ಕೈ ಚಾಚಿದೆ. ಒಂದು ಕೈಯಾದರೂ ಸರಿ ಜಾಗಕ್ಕೆ ಬೀಳಲಿ ಎಂಬ ದೂರಾಲೋಚನೆ. ಆಗ ಗಾಳಿ ಎದ್ದಿತು. ತೆಪ್ಪದವನು ಹುಟ್ಟು ಹಾಕಿದಷ್ಟೂ ತೆಪ್ಪ ಸುತ್ತಿತು, ನಾನು ಬೀಸುವ ಕಲ್ಲಿನ ಗೂಟವಾಗಿ ನಡುವೆ ನೆಟ್ಟಗೆ ನಿಂತಿದ್ದೆ. ಏರಿ, ಕೊಕ್ಕರೆ, ಗುಡಿ, ಹೆಂಗಸು, ಅಳಿಯ, ಮತ್ತೆ ಏರಿ. ಮೊದಮೊದಲು ನಾನು ಎದುರಿಗೆ ಬಂದದ್ದನ್ನು ನೋಡಿ ಮಾತು ಹೊಂದಿಸುತ್ತಿದ್ದೆ. ಏರಿ ಬಂದಾಗ ಇತಿಹಾಸ, ಗುಡಿ ಬಂದಾಗ ಭಕ್ತಿ, ಹೆಂಗಸು ಬಂದಾಗ ಮೌನ, ಅಳಿಯ ಬಂದಾಗ ಬುದ್ಧಿವಾದ. ಆಮೇಲೆ ಎಲ್ಲ ಕಲಸಿಹೋಗಿ ಕೊಕ್ಕರೆಗೆ ಬುದ್ಧಿ ಹೇಳಿ, ಅಳಿಯನಿಗೆ ಕೈಮುಗಿದೆ. ಪಂಚೆಯೊಳಗೆ ಗಾಳಿ ತುಂಬಿ, ಉಪನ್ಯಾಸಕ್ಕೆ ಬೇಕಾದ ಎರಡು ಕೈಗಳೂ ಬೇರೆ ತುರ್ತು ಕೆಲಸಕ್ಕೆ ಇಳಿದವು. “ಯಜಮಾನ್ರೆ, ಕುತ್ಕಳ್ರಿ!” ಎಂದು ತೆಪ್ಪದವನು ಈ ಸಲ ಕೂಗಿದ. ನಾನು ಕೂರಲಿಲ್ಲ. ಭೂಮಿಯೇ ನನ್ನನ್ನು ಕೂರಿಸಿತು. ಜಾಕೀಟು ಸಮೇತ ಬಲೆಯ ಮೇಲೆ ಕೂತಾಗ ಕೆಳಗೆ ಎರಡು ಕಾಟ್ಲಾ ಮೀನು ಇನ್ನೂ ಜೀವಂತ ಇದ್ದದ್ದು ನನಗೆ ತಕ್ಷಣ ತಿಳಿಯಿತು.

“ಇದು ಪ್ರದಕ್ಷಿಣೆ. ಸಿದ್ಧೇಶ್ವರನಿಗೆ ನೀರಿನ ಮೇಲಿಂದಲೇ ಹಾಕಬೇಕು ಅಂತ ಪದ್ಧತಿ,” ಎಂದೆ. ತೆಪ್ಪದವನು ಮುಖ ಆಚೆ ತಿರುಗಿಸಿಕೊಂಡ. ಅವನ ಭುಜ ಕುಲುಕುತ್ತಿತ್ತು.

ಅಳಿಯ ಎಲ್ಲವನ್ನೂ ವಿಡಿಯೊ ಮಾಡಿದ್ದ. ಸಂಜೆಯೊಳಗೆ ಅದು ನಮ್ಮ ಬಳಗದ ಗ್ರೂಪಿಗೆ ಬಂತು, ಮರುದಿನ ಕ್ರಾಕೋವ್‌ನ ಅವನ ಸಹೋದ್ಯೋಗಿಗಳಿಗೆ ತಲುಪಿತು. ಈ ನೃತ್ಯ ಯಾವ ಹಬ್ಬದಲ್ಲಿ ನಡೆಯುತ್ತದೆ ಎಂದು ಒಬ್ಬ ಕೇಳಿದನಂತೆ. ನಮ್ಮ ಕಣಿವೆಯ ಬಗ್ಗೆ ಹೊರದೇಶದಿಂದ ಬಂದ ಮೊದಲ ವಿಚಾರಣೆ ಅದು. ಅಂದಿನಿಂದ ನಾನು ತುಸು ಎದೆಯುಬ್ಬಿಸಿಯೇ ನಡೆಯುತ್ತಿದ್ದೇನೆ. ಜಾಕೀಟಿನ ಮೀನಿನ ವಾಸನೆ ಹೋಗಿಲ್ಲ, ಮನೆಯವಳ ಮಾತಿನಲ್ಲೂ ಹೋಗಿಲ್ಲ.

ದಡಕ್ಕೆ ಬಂದ ಮೇಲೆ, ತಲೆಸುತ್ತು ಇಳಿಯುವವರೆಗೆ ಕಲ್ಲಿನ ಮೇಲೆ ಕೂತು ಅಳಿಯನಿಗೆ ಉಳಿದ ಕಥೆ ಹೇಳಿದೆ. ಸ್ವರ್ಗಾವತಿ ಪಟ್ಟಣದ ರಾಜನ ಮಗಳು ಶಾಂತವ್ವ ಇಲ್ಲಿ ಕೆರೆ ಕಟ್ಟಿಸಲು ಹೊರಟಳಂತೆ. ನೀರು ನಿಲ್ಲಬೇಕಾದ ಜಾಗ ಸೂಳೆಯರದು. ಅವರು ನೆಲ ಬಿಟ್ಟುಕೊಡಲು ಒಪ್ಪಿದರು. ಹೊನ್ನು ಕೇಳಲಿಲ್ಲ. ಕೆರೆಗೆ ತಮ್ಮ ಹೆಸರು ಇರಲಿ ಎಂದರು, ಅಷ್ಟೇ. ಶಾಂತವ್ವ ಆಗಲಿ ಎಂದಳು. ರಾಜಕುಮಾರಿ ಕೊಟ್ಟ ಆ ಮಾತನ್ನು ಊರಿನವರು ನೂರಾರು ವರ್ಷ ಉಳಿಸಿಕೊಂಡು ಬಂದರು. ಆಮೇಲೆ ಓದಿದವರಿಗೆ ನಾಚಿಕೆಯಾಯಿತು. ಫಲಕದ ಮೇಲೆ ‘ಶಾಂತಿಸಾಗರ’ ಬಂತು.

ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೆಲ ವಾಪಸ್ ಕೊಟ್ರಾ ಮಾವ?” ಎಂದ.

ಹೊರದೇಶಕ್ಕೆ ಹೋದ ಹುಡುಗರು ಅಷ್ಟೇನೂ ಕೆಡುವುದಿಲ್ಲ.

ನೆಲ ವಾಪಸ್ ಕೊಟ್ಟಿಲ್ಲ. ಬದಲಿಗೆ ಕೆರೆಯ ನೆಲವನ್ನೇ ಅಂಚಿನಿಂದ ಒತ್ತುವರಿ ಮಾಡಿಕೊಂಡು ಬಂದಿದ್ದೇವೆ. ಒಳಗೆ ಹೂಳು ಏರುತ್ತಿದೆ. ಎಲ್ಲವನ್ನೂ ಬಿಟ್ಟುಕೊಟ್ಟು ಹೆಸರು ಮಾತ್ರ ಕೇಳಿದವರ ಹೆಸರನ್ನೇ ಅಳಿಸಿ, ನೀರನ್ನು ಮಾತ್ರ ಇಟ್ಟುಕೊಂಡವರು ನಾವು. ಆ ನೀರು ನಾಲೆಯಲ್ಲಿ ಹರಿದು ಗದ್ದೆ ತೋಟಗಳನ್ನು ಮುಟ್ಟುತ್ತದೆ, ಪೈಪಿನಲ್ಲಿ ಹೋಗಿ ಚಿತ್ರದುರ್ಗದ ನಲ್ಲಿಗಳಲ್ಲಿ ಬರುತ್ತದೆ. ಕುಡಿಯುವಾಗ ಯಾರಿಗೂ ನಾಚಿಕೆಯಿಲ್ಲ.

ಪೋಲೆಂಡಿಗೆ ಹೋಗುವ ಅನುಕೂಲ ಇದ್ದವರು ಹೋಗಿ, ದುನಾಯೆಟ್ಸ್ ನೋಡಿ. ಇಲ್ಲದವರು ಮಳೆಗಾಲ ಮುಗಿದ ಮೇಲೆ ಚನ್ನಗಿರಿ ಕಡೆ ಬನ್ನಿ. ಕೋಟೆ ಹತ್ತಿ, ಪುಷ್ಕರಣಿ ನೋಡಿ, ಹೊದಿಗೆರೆಯಲ್ಲಿ ಐದು ನಿಮಿಷ ನಿಲ್ಲಿ, ಬಾಟಲಿಗಳನ್ನು ವಾಪಸ್ ಒಯ್ಯಿರಿ. ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದಾಗ ‘ಸೂಳೆಕೆರೆ’ ಎಂದು ಗಟ್ಟಿಯಾಗಿ ಹೇಳಿ ಟಿಕೆಟ್ ತೆಗೆದುಕೊಳ್ಳಿ.